ಇಲ್ಲದ ಲಿಫ್ಟು

ಗಾಣಗಾಪುರದಲ್ಲಿ ಸೋದರತ್ತೆ ನಡೆಸುವ ಲಾಡ್ಜಿಗೆ, ಇಂಟರ್‌ನೆಟ್ಟಿನಲ್ಲಿ ರೂಮು ಹುಡುಕುವವರಿಗೆ ಕಾಣುವಂಥ ಜಾಹೀರಾತನ್ನು ಎಐನಿಂದ ಬರೆಸಿದೆ. ಸಾಲುಗಳು ಸೊಗಸಾಗಿದ್ದವು. ಪೂರ್ತಿ ಓದದೆ ಹಾಕಿಬಿಟ್ಟೆ.

ಮರುದಿನ ಅಜ್ಜಿಯೊಬ್ಬರ ಫೋನು ಬಂತು. "ಮೊಣಕಾಲು ಬ್ಯಾನಿ ಐತ್ರಿ. ನಿಮ್ಮಲ್ಲಿ ಲಿಫ್ಟ್ ಐತಂತ ನೋಡಿ ಬರಾಕತ್ತೇವ್ರಿ" ಎಂದರು.

ನಮ್ಮಲ್ಲಿ ಲಿಫ್ಟೇ ಇಲ್ಲ. ಜಾಹೀರಾತು ತೆರೆದು ನೋಡಿದರೆ ಎಐ ಅದನ್ನು ತಾನಾಗಿಯೇ ಸೇರಿಸಿತ್ತು. ಅತ್ತೆಗೆ ಹೇಳಿದೆ. ಅವರು ಬೈಯಲಿಲ್ಲ.

"ಖರೇ ಹೇಳಿಬಿಡು. ಕೆಳಗಿನ ಖೋಲಿ ಕೊಡೂಣು."

ಅಳುಕುತ್ತಲೇ ಅಜ್ಜಿಗೆ ಫೋನು ಮಾಡಿ ತಪ್ಪೊಪ್ಪಿಕೊಂಡು, ಕೆಳಗಿನ ಕೋಣೆಯನ್ನೇ ಕೊಡುತ್ತೇವೆ ಎಂದೆ.

"ಮೆಟ್ಟಿಲ ಹತ್ತೂದ ಇಲ್ಲಂದ್ರ ಲಿಫ್ಟ್ ಯಾಕ ಬೇಕವ್ವಾ? ಬರ್ತೇವಿ" ಎಂದು ನಕ್ಕರು.

ಲಿಫ್ಟಿನ ಸಾಲು ಅಳಿಸಿ, "ವಯಸ್ಸಾದವರಿಗೆ ಕೆಳಗಿನ ಕೋಣೆ" ಎಂದು ನಾನೇ ಬರೆದೆ. ಅತ್ತೆ ಕನ್ನಡಕ ಏರಿಸಿ ಎರಡು ಸಲ ಓದಿ, "ಈಗ ಹಾಕು" ಎಂದರು.