ಎಡಭುಜದ ಮೇಲಿನ ಭಾರ

ದೆವ್ವ, ಆತ್ಮ, ಸತ್ತವರು ಬಂದು ಹೋಗುವುದು, ಇವನ್ನೆಲ್ಲ ನಾನು ಎಂದೂ ನಂಬಿದವನಲ್ಲ. ಇಲ್ಲಿ ಅಮೆರಿಕದಲ್ಲಿ ಕನ್ನಡದವರ ಮನೆಗಳಲ್ಲಿ ಊಟದ ನಂತರ ಇಂಥ ಕಥೆ ಶುರುವಾದರೆ, "ಅವುಗಳಿಗೆ ವೀಸಾ ಕೊಟ್ಟವರು ಯಾರು?" ಎಂದು ಕೇಳಿ ನಗಿಸುವುದು ನನ್ನ ಅಭ್ಯಾಸವಾಗಿತ್ತು. ಈಗ ಆ ತಮಾಷೆ ಬಿಟ್ಟಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಕೆಲವು ವರ್ಷಗಳ ಹಿಂದೆ, ನಾವು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನ ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದಾಗ, ನಮಗೊಂದು ಹೆಣ್ಣು ಮಗು ಹುಟ್ಟಿತು. ನಮ್ಮ ಮನೆಯ ಪದ್ಧತಿಯಂತೆ ನಾಮಕರಣದ ದಿನ ತಂದೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು. ಅಲ್ಲಿಯವರೆಗೆ ಆ ಹೆಸರನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಉಡುಪಿಯಿಂದ ಅಮ್ಮ ಬರಬೇಕಿತ್ತು, ಅವರ ವೀಸಾ ತಡವಾಗಿತ್ತು. ಅಜ್ಜಿ ಬಂದ ಮೇಲೆಯೇ ತೊಟ್ಟಿಲಿಗೆ ಹಾಕೋಣ ಎಂದು ನಾವು ಕಾದೆವು. ಹೆಸರು ಆರಿಸುವುದನ್ನು ನನ್ನ ಹೆಂಡತಿ ವೈದೇಹಿ ನನಗೇ ಬಿಟ್ಟಿದ್ದಳು. "ನನಗೂ ಹೇಳ್ಬೇಡಿ. ಅವಳ ಜೊತೇನೇ ಕೇಳಿಸ್ಕೋತೀನಿ," ಎಂದಿದ್ದಳು. ಅಲ್ಲಿಯವರೆಗೆ ಪುಟ್ಟಿ ಎನ್ನುತ್ತಿದ್ದೆವು.

ಅಮ್ಮನ ವೀಸಾ ಬರುವ ಮೊದಲೇ, ಒಂದು ಬೆಳಿಗ್ಗೆ ಮಗು ನಿದ್ದೆಯಿಂದ ಏಳಲಿಲ್ಲ. ಒಮ್ಮೊಮ್ಮೆ ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ ಎಂದರು ಡಾಕ್ಟರು.

ನಾನು ಹೇಗೋ ಆಫೀಸಿಗೆ ಹೋಗತೊಡಗಿದೆ. ವೈದೇಹಿ ಮಾತ್ರ ಅಲ್ಲೇ ನಿಂತುಬಿಟ್ಟಳು. "ಹೆಸರಿಲ್ದೆ ಕಳಿಸ್ಬಿಟ್ವಲ್ಲ. ಏನಂತ ಕರೀಲಿ ಅವಳನ್ನ?" ಇದೊಂದೇ ಮಾತು. ಈಗಲಾದರೂ ಹೇಳುತ್ತೇನೆ ಎಂದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. "ಅದು ಅವಳಿಗೆ ಹೇಳ್ಬೇಕಾಗಿದ್ದು, ನನಗಲ್ಲ." ಮನೋವೈದ್ಯರು ಮಾತ್ರೆಗಳನ್ನು ಬದಲಿಸಿ ನೋಡಿದರು, ಪ್ರಯೋಜನವಾಗಲಿಲ್ಲ. ಊಟ ಬಿಟ್ಟಳು. ಒಂದು ದಿನ, ತನಗೂ ಹೋಗಿಬಿಡಬೇಕು ಅನ್ನಿಸುತ್ತದೆ ಎಂದು, ಹಾಲು ತರಬೇಕು ಎನ್ನುವಷ್ಟು ಸಾಧಾರಣವಾಗಿ ಹೇಳಿದಳು. ಅಂದಿನಿಂದ ಅವಳನ್ನು ಒಬ್ಬಳನ್ನೇ ಬಿಡಲು ನನಗೆ ಭಯವಾಗುತ್ತಿತ್ತು.

ಆಗ ಅವಳ ಡಾಕ್ಟರು ಕೆಟಮಿನ್ ಚಿಕಿತ್ಸೆಯ ವಿಷಯ ಹೇಳಿದರು. ಆಪರೇಷನ್ನಿಗೆ ಮೊದಲು ಅರಿವಳಿಕೆಗೆ ಕೊಡುವ ಔಷಧಿ ಅದು. ಅದನ್ನೇ ಸ್ವಲ್ಪ ಪ್ರಮಾಣದಲ್ಲಿ ಕೊಟ್ಟು, ಕಣ್ಣಿಗೆ ಪಟ್ಟಿ ಕಟ್ಟಿ, ಸಂಗೀತ ಹಾಕಿ ಮಲಗಿಸುತ್ತಾರೆ. ಮನಸ್ಸು ಎಲ್ಲೆಲ್ಲೋ ಹೋಗಿ ಬರುತ್ತದೆ. ಪಕ್ಕದಲ್ಲಿ ಥೆರಪಿಸ್ಟ್ ಕೂತಿರುತ್ತಾರೆ. ನನಗೆ ಇದರಲ್ಲೂ ನಂಬಿಕೆ ಇರಲಿಲ್ಲ. ಆದರೆ ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಒಪ್ಪಿಕೊಂಡೆ.

ಬರ್ಕ್ಲಿಯಲ್ಲಿ, ಇಳಿಜಾರಿನ ರಸ್ತೆಯ ಒಂದು ಹಳೆಯ ಮನೆಯನ್ನೇ ಕ್ಲಿನಿಕ್ ಮಾಡಿದ್ದರು. ಔಷಧಿ ತೆಗೆದುಕೊಂಡವರು ಅಂದು ಕಾರು ಓಡಿಸುವಂತಿಲ್ಲ, ಕರೆದುಕೊಂಡು ಹೋಗಲು ಒಬ್ಬರು ಇರಲೇಬೇಕು. ನನ್ನ ಕೆಲಸ ಅಷ್ಟೇ, ಡ್ರೈವರನದು. ವೈದೇಹಿಯ ಬಿಪಿ ನೋಡಿ ಒಳಗೆ ಕರೆದುಕೊಂಡು ಹೋದರು. ನಡುವೆ ಎರಡು ಬಾಗಿಲುಗಳಿದ್ದವು. ಒಳಗಿನ ಮಾತು ಹೊರಗೆ ಕೇಳಿಸದಿರಲೆಂದು ಕಾರಿಡಾರಿನಲ್ಲಿ ಸುಯ್ ಎನ್ನುವ ಸಣ್ಣ ಯಂತ್ರವೊಂದನ್ನು ಇಟ್ಟಿದ್ದರು. ಹೊರಗೆ ನಾನು, ಕೌಂಟರಿನಲ್ಲಿ ಒಬ್ಬ ಹೆಂಗಸು, ಅಷ್ಟೇ ಜನ. ದೆವ್ವದ ಕಥೆಗೆ ಬೇಕಾದ ಅಮಾವಾಸ್ಯೆಯ ರಾತ್ರಿಯಲ್ಲ ಅದು, ಮಟಮಟ ಮಧ್ಯಾಹ್ನ. ನಾನು ಲ್ಯಾಪ್‌ಟಾಪ್ ತೆರೆದು ಆಫೀಸಿನ ಮೇಲ್ ಓದುತ್ತಿದ್ದೆ. ನಿದ್ದೆ ಬಂದಿರಲಿಲ್ಲ, ಇದನ್ನು ಖಂಡಿತವಾಗಿ ಹೇಳಬಲ್ಲೆ.

ಎಡಭುಜದ ಮೇಲೆ ಭಾರವೊಂದು ಬಂದು ಕೂತಿತು. ಎಲ್ಲಿಂದಲೋ ಬಿದ್ದ ಹಾಗಲ್ಲ, ಯಾರೋ ಜೋಪಾನವಾಗಿ ಇಟ್ಟ ಹಾಗೆ. ಆ ತೂಕ ನನಗೆ ಗೊತ್ತಿತ್ತು. ಕತ್ತಿನ ಪಕ್ಕದಲ್ಲಿ ಆ ಬಿಸಿಯೂ ಗೊತ್ತಿತ್ತು. ಹೆದರಿಕೆಯಾಗಲಿಲ್ಲ. ತಿರುಗಿ ನೋಡಿದರೆ ಹೋಗಿಬಿಡುತ್ತದೆ ಎಂದು ಮಾತ್ರ ಅನ್ನಿಸಿತು. ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಎದ್ದು ನಿಂತೆ. ಎಡಗೈ ತಾನಾಗಿ ಕೆಳಗಿನಿಂದ ಆತುಕೊಂಡಿತು, ಬಲಗೈ ಮೆಲ್ಲಗೆ ತಟ್ಟತೊಡಗಿತು. ಆ ಕೋಣೆಯಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದಾಡಿದೆ. ಆಮೇಲೆ ಕತ್ತು ಬಾಗಿಸಿ, ನನಗೇ ಕೇಳಿಸದಷ್ಟು ಮೆಲ್ಲಗೆ, ಇಟ್ಟುಕೊಂಡಿದ್ದ ಹೆಸರನ್ನು ಹೇಳಿದೆ. ಮೂರು ಸಲ ಹೇಳಬೇಕು, ಮೂರು ಸಲ ಹೇಳಿದೆ.

ಕೌಂಟರಿನ ಹೆಂಗಸು ಆರಾಮಾಗಿದ್ದೀರಾ ಎಂದು ಇಂಗ್ಲಿಷಿನಲ್ಲಿ ಕೇಳಿ ಟಿಶ್ಯೂ ಕೊಟ್ಟಳು. ಮುಖ ಒರೆಸಿಕೊಂಡೆ. ಆಕೆ ತಲೆಯಾಡಿಸಿ ನನ್ನ ಅಂಗಿಯ ಕಡೆ ತೋರಿಸಿದಳು. ಅಂಗಿ ಒದ್ದೆಯಾಗಿತ್ತು. ಕಣ್ಣೀರೇ ಇರಬೇಕು ಎಂದುಕೊಂಡೆ. ಆದರೆ ಒದ್ದೆಯಾಗಿದ್ದದ್ದು ಭುಜದ ಹಿಂಭಾಗ, ಮಲಗಿದ ಮಗುವಿನ ಬಾಯಿ ತಾಗುವ ಜಾಗ. ನನ್ನ ಕಣ್ಣೀರು ಅಲ್ಲಿಗೆ ಹೇಗೆ ಹೋಗುತ್ತದೆ?

ಸ್ವಲ್ಪ ಹೊತ್ತಿನ ಮೇಲೆ ಥೆರಪಿಸ್ಟ್ ವೈದೇಹಿಯನ್ನು ಕೈಹಿಡಿದು ಕರೆತಂದರು. ಅವಳ ಕಾಲು ಇನ್ನೂ ತಡವರಿಸುತ್ತಿತ್ತು. ನೇರವಾಗಿ ನನ್ನ ಎಡಭುಜವನ್ನು ನೋಡಿದಳು.

"ನಿಮ್ಮ ಕೈಗೆ ಕೊಟ್ಟಿದ್ನಲ್ಲ, ಎದ್ಲಾ?"

"ಇಲ್ಲ. ಮಲಗಿದ್ದಾಳೆ," ಎಂದೆ. ನನ್ನ ಬಾಯಲ್ಲಿ ಆ ಮಾತು ಹೇಗೆ ಬಂತೋ ತಿಳಿಯದು.

ಅವಳು ಕಾರಿನ ಹಿಂದಿನ ಸೀಟಿನಲ್ಲಿ ಕೂತು, ಕೊಲ್ಲಿಯ ಸೇತುವೆ ದಾಟುವ ಮೊದಲೇ ನಿದ್ದೆ ಹೋದಳು. ತಿಂಗಳುಗಳಿಂದ ಅಂಥ ನಿದ್ದೆ ಮಾಡಿರಲಿಲ್ಲ. ಮುಂದೆ ಇನ್ನೂ ಕೆಲವು ಸಲ ಅಲ್ಲಿಗೆ ಹೋದೆವು. ನಾನು ಬೇಕೆಂದೇ ಅದೇ ಕುರ್ಚಿಯಲ್ಲಿ ಕೂತೆ, ಏನೂ ಬರಲಿಲ್ಲ. ಅವಳು ಉಣ್ಣತೊಡಗಿದಳು, ಕೆಲಸಕ್ಕೂ ಹೋದಳು. ಹೋಗಿಬಿಡಬೇಕು ಎನ್ನುವ ಮಾತು ನಿಂತಿತು. ಔಷಧಿಯ ಅಮಲಿನಲ್ಲಿ ಮನಸ್ಸಿಗೆ ಹಾಗೆಲ್ಲ ಕಾಣುತ್ತದೆ ಎಂದರು ಥೆರಪಿಸ್ಟ್. ಇರಬಹುದು. ಆದರೆ ಔಷಧಿ ತೆಗೆದುಕೊಂಡವನು ನಾನಲ್ಲವಲ್ಲ. ಹೆಸರು ಹೇಳಿದ್ದನ್ನು ನಾನು ಯಾರಿಗೂ ಹೇಳಲಿಲ್ಲ, ಅವಳಿಗೂ.

ಕಳೆದ ವರ್ಷ ಪ್ಲೆಸೆಂಟನ್‌ನಲ್ಲಿ ಸ್ನೇಹಿತನ ಮನೆಗೆ ಊಟಕ್ಕೆ ಹೋಗಿದ್ದೆವು. ಊರಿನಿಂದ ಬಂದಿದ್ದ ಅವನ ತಾಯಿ, ಹಿರಿಯರು ಕೇಳುವ ಹಾಗೆ, ನೇರವಾಗಿ ಕೇಳಿಬಿಟ್ಟರು. "ಹೋದ ಮಗುವಿಗೆ ಹೆಸರು ಇಟ್ಟದ್ದುಂಟಾ ಮಗಾ?"

ಬಡಿಸುತ್ತಿದ್ದ ಸ್ನೇಹಿತನ ಕೈ ನಿಂತಿತು. ವೈದೇಹಿ ಅನ್ನ ಕಲಸುತ್ತಲೇ ಹೇಳಿದಳು:

"ಇಟ್ಟಿದೀವಿ ಅಮ್ಮಾ. ಇವರೇ ಕಿವೀಲಿ ಹೇಳಿದ್ರು. ನನಗೆ ಕೇಳಿಸ್ಲಿಲ್ಲ."

ಮನೆಗೆ ಮರಳುವಾಗ ಫ್ರೀವೇಯಲ್ಲಿ, ಈಗ ಹೆಸರು ಹೇಳಲೇ ಎಂದು ಕೇಳಿದೆ. ಅವಳು ಬೇಡವೆಂದಳು.

"ಮಲಗಿದ್ದಾಳೆ ಅಂದ್ರಲ್ಲ. ಎಬ್ಬಿಸ್ಬೇಡಿ."

ಮನೆ ಸೇರುವವರೆಗೂ ನಾನು ಎಡಭುಜವನ್ನು ಅಲುಗಿಸದೆ ಕಾರು ಓಡಿಸಿದೆ. ಯಾಕೆ ಎಂದು ಮಾತ್ರ ನನ್ನನ್ನು ಕೇಳಬೇಡಿ.