ಎದುರುಮನೆಯಾಕೆಯ ಚೌಕಾಬಾರ

ಹೊಸ ಹುಣಸೆಹಣ್ಣು ಬಿಡಿಸುವಾಗ ಬರುವ ವಾಸನೆ ನನಗೆ ಆಗಿಬರುವುದಿಲ್ಲ. ಹೋದ ವಾರ ತಾರಸಿ ಮೇಲೆ ಗೋಣಿಚೀಲ ಹಾಸಿಕೊಂಡು, ಊರಿಂದ ತಮ್ಮ ಕಳಿಸಿದ್ದ ಹಣ್ಣನ್ನು ಕುಟ್ಟಿ ಬೀಜ ತೆಗೆಯುತ್ತಾ ಕೂತಿದ್ದೆ. ರಾಶಿಯಿಂದ ಒಂದು ಬೀಜ ಎತ್ತಿಕೊಂಡು, ಏನೂ ಯೋಚನೆ ಮಾಡದೆ ಸಿಮೆಂಟು ನೆಲಕ್ಕೆ ಗಸಗಸ ಉಜ್ಜಿದೆ. ಬಿಸಿಯಾಯಿತು. ಹಾಗೇ ನನ್ನದೇ ತೋಳಿಗೆ ಮುಟ್ಟಿಸಿಕೊಂಡೆ. ಚುರುಕ್ ಅಂತು. ಆ ಚುರುಕಿನ ಜೊತೆಗೇ ಎದುರುಮನೆಯಾಕೆ ನೆನಪಾದಳು... ನೆನಪಾದಳು ಅನ್ನುವುದಕ್ಕಿಂತ, ಬಂದು ನನ್ನ ಎದುರಿಗೇ ಕಾಲು ಚಾಚಿ ಕೂತಳು ಅನ್ನಬೇಕು.

ಮುಖದ ಮುಂದೆ ಅಕ್ಕ ಅಂತಲೇ ಕರೆಯುತ್ತಿದ್ದೆ. ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳು. ಮನಸ್ಸಿನಲ್ಲಿ ಮಾತ್ರ ಯಾವತ್ತೂ 'ಆಕೆ'. ಇಲ್ಲೂ ಹಾಗೇ ಬರೆಯುತ್ತೇನೆ. ಹೊಟ್ಟೆಕಿಚ್ಚಿನ ವಿಷಯ ಬರೆಯುವಾಗ ಬಹುವಚನ ಒಗ್ಗುವುದಿಲ್ಲ.

ತುಮಕೂರಿನ ನಮ್ಮ ಬೀದಿಗೆ ಆಕೆ ಬಾಡಿಗೆಗೆ ಬಂದಾಗ ನನ್ನ ಮಗಳು ಇನ್ನೂ ಮೂರನೇ ಕ್ಲಾಸು. ಆಕೆಯ ತವರೂ ಗಂಡನ ಊರೂ ಗುಬ್ಬಿ ಕಡೆ. ಗಂಡ ಬಸ್ ಡ್ರೈವರ್. ಕಾಲೇಜಿಗೆ ಹೋಗುವ ಇಬ್ಬರು ಗಂಡುಮಕ್ಕಳು ತಮ್ಮ ಕಾಫಿ ತಾವೇ ಕಾಯಿಸಿಕೊಳ್ಳುತ್ತಿದ್ದರು. ಅದನ್ನು ನೋಡಿಯೇ ನನಗೆ ಮೊದಲ ಸಲ ಹೊಟ್ಟೆ ಉರಿದಿದ್ದು. ನಾನು ಆಫೀಸಿನಿಂದ ಬರುವುದು ಆರು ಗಂಟೆಗೆ, ಯಜಮಾನರಿಗೆ ಶಿಫ್ಟ್ ಕೆಲಸ. ಸ್ಕೂಲು ಬಿಟ್ಟ ಮೇಲೆ ಮಗಳು ಎದುರುಮನೆಯಲ್ಲಿರಲಿ ಅಂತ ಮಾತಾಡಿ ಗೊತ್ತು ಮಾಡಿದವಳೂ ನಾನೇ. ಅಂದರೆ ಮಾರಿಯನ್ನು ಮನೆಗೆ ಕರೆದವಳು ನಾನೇ.

ದಿನಾ ಬಂದು ನೋಡಿದರೆ ಅದೇ ದೃಶ್ಯ. ಜಗಲಿ ಮೇಲೆ ಬಳಪದಲ್ಲಿ ಎಳೆದ ಚೌಕಾಬಾರದ ಮನೆ. ಒಂದು ಕಡೆ ನನ್ನ ಮಗಳು, ಇನ್ನೊಂದು ಕಡೆ ಆಕೆ. ಕವಡೆ ಬದಲು ನಾಲ್ಕು ಹುಣಸೆಬೀಜ, ಒಂದು ಮೈ ತೇಯ್ದು ಬಿಳಿ ಮಾಡಿದ್ದು. ಮಧ್ಯಾಹ್ನದ ಮುಸುರೆ ಪಾತ್ರೆ ಒಳಗೆ ಹಾಗೇ ಬಿದ್ದಿರುತ್ತಿತ್ತು. ಒಂದು ದಿನ ತಡೆಯಲಾರದೆ, ಅಕ್ಕ, ಪಾತ್ರೆ ಒಣಗ್ತಿದೆಯಲ್ಲ ಅಂದೆ. ಆಕೆ ತಲೆಯನ್ನೂ ಎತ್ತಲಿಲ್ಲ.

"ಪಾತ್ರೆ ಎಲ್ಗೂ ಓಡೋಗಲ್ಲ ಬುಡಮ್ಮ. ಬೆಳಕು ಓಡೋಯ್ತದೆ."

ಐವತ್ತು ದಾಟಿದ ಹೆಂಗಸು ಒಂಬತ್ತು ವರ್ಷದ ಹುಡುಗಿಯ ಜೊತೆ ಮೋಸ ಅಂತ ಜಗಳಕ್ಕೆ ನಿಲ್ಲುತ್ತಿದ್ದಳು. ಸೋತರೆ ಮುಖ ಊದಿಸಿಕೊಳ್ಳುತ್ತಿದ್ದಳು. ಗೆದ್ದರೆ ಬೀಜವನ್ನು ನೆಲಕ್ಕೆ ಉಜ್ಜಿ ನನ್ನ ಮಗಳ ತೋಳಿಗೆ ಚುರುಕ್ ಮುಟ್ಟಿಸುತ್ತಿದ್ದಳು. ಒಂದು ಸಲ ಇಬ್ಬರೂ ಮಾತು ಬಿಟ್ಟರು. ಆ ಸಂಜೆ ನಾನು ಖುಷಿಯಾಗಿ ಕೇಸರಿಬಾತು ಮಾಡಿದೆ. ಮಾರನೇ ದಿನ ಸ್ಕೂಲ್ ಬ್ಯಾಗು ಎಸೆದು ಮಗಳು ಓಡಿದ್ದು ಎದುರುಮನೆಗೇ.

ನಾನು ಮಗಳ ಜೊತೆ ಆಡುತ್ತಿರಲಿಲ್ಲ ಅಂತಲ್ಲ. ಭಾನುವಾರ ಕೂರುತ್ತಿದ್ದೆ. ಕೈಗೆ ಸಿಕ್ಕಿದ ಅವಳ ಕಾಯಿಯನ್ನು ಹೊಡೆಯದೆ ಬಿಟ್ಟು ಬೇರೆ ಕಾಯಿ ನಡೆಸುತ್ತಿದ್ದೆ. ಮಗು ಗೆಲ್ಲಲಿ ಅನ್ನುವ ಪ್ರೀತಿ ಇತ್ತು, ನಿಜ. ಬೇಗ ಗೆದ್ದರೆ ಬೇಗ ಎದ್ದು ಕುಕ್ಕರ್ ಇಡಬಹುದು ಅನ್ನುವುದೂ ಇತ್ತು. ಇಷ್ಟು ಬಿಟ್ಟುಕೊಡುವ ತಾಯಿಗಿಂತ ಒಂದು ಕಾಯಿಯನ್ನೂ ಬಿಡದ ಆಕೆ ಹೇಗೆ ಹೆಚ್ಚಾದಳು ಅನ್ನುವುದು ನನಗೆ ಅರ್ಥವಾಗುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ.

ಮಗಳು ಐದನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನಲ್ಲಿ ಒಂದು ಆಟದ ದಿನ ಗೊತ್ತುಮಾಡಿದರು. ಯುದ್ಧದಿಂದಲೋ ಪ್ರವಾಹದಿಂದಲೋ ಮನೆ ಬಿಟ್ಟು ಡೇರೆಗಳಲ್ಲಿರುವ ಬೇರೆ ಬೇರೆ ದೇಶದ ಮಕ್ಕಳಿಗೆ ಆಡುವ ಜಾಗ, ಚೆಂಡು, ಜೊತೆಗೆ ಆಡಿಸುವವರು, ಇಷ್ಟನ್ನು ಒದಗಿಸುವುದಕ್ಕೆ ಹಣ ಕೂಡಿಸುವುದು. ಪೋಷಕರ ಸಭೆಯಲ್ಲಿ ಹೆಡ್ ಮೇಡಂ, ಪ್ರಪಂಚದ ಯಾವ ಮೂಲೆಯ ಮಗುವಿಗಾದರೂ ಊಟ, ಪಾಠದ ಹಾಗೆ ಆಟವೂ ಹಕ್ಕು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಹುತ್ರಿದುರ್ಗದ ಬುಡದ ಊರು ನನ್ನದು. ನನ್ನ ಓರಗೆಯ ಹುಡುಗಿಯರು ಕುಂಟೆಬಿಲ್ಲೆ ಆಡುವಾಗ ನಾನು ತಮ್ಮನನ್ನು ಸೊಂಟದ ಮೇಲೆ ಇಟ್ಟುಕೊಂಡು ಗೆರೆಯಾಚೆ ನಿಂತಿರುತ್ತಿದ್ದೆ. ಅವನನ್ನು ಕೆಳಗಿಳಿಸಿದರೆ ಅಳುತ್ತಿದ್ದ. ಅವನು ನಡೆಯುವಷ್ಟಾಗುವ ಹೊತ್ತಿಗೆ ರಾಗಿ ಹೊಲದ ಕಳೆ ಇತ್ತು, ಎಮ್ಮೆ ಇತ್ತು, ಆಮೇಲೆ ನಾನು ಆಡುವ ವಯಸ್ಸಿನವಳಲ್ಲ ಅಂತಾಯಿತು. ಯಾವುದೋ ದೇಶದ ಮಕ್ಕಳಿಗೆ ಆಟ ಸಿಗಲಿ ಅಂತ ತುಮಕೂರಿನ ಸ್ಕೂಲಿನಲ್ಲಿ ಡಬ್ಬಿ ಇಡುತ್ತಾರೆ, ನನಗೆ ಯಾರು ಇಟ್ಟಿದ್ದರು? ಹೌದು, ಡೇರೆಯಲ್ಲಿರುವ ಆ ಮಕ್ಕಳ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಇಂಥದ್ದನ್ನೆಲ್ಲ ಹೇಳಿಕೊಳ್ಳಬಾರದು. ಆದರೆ ಆಗಿದ್ದು ಆಯಿತು.

ಏರ್ಪಾಟು ಹೀಗಿತ್ತು. ಪ್ರತಿ ಮಗುವೂ ತನ್ನ ಜೊತೆ ಆಡುವ ಒಬ್ಬ ದೊಡ್ಡವರನ್ನು ಕರೆತರಬೇಕು. ಇಬ್ಬರೂ ಒಂದು ಆಟ ಹಾಕಿಕೊಂಡು ಮೈದಾನದಲ್ಲಿ ಕೂರಬೇಕು. ಬಂದವರು ಟಿಕೆಟ್ ಕೊಂಡು ಅವರೆದುರು ಆಡಬೇಕು. ನಾನು ಆ ದಿನಕ್ಕೆ ರಜಾ ಬರೆದುಕೊಟ್ಟೆ. ಮೈಸೂರು ಸಿಲ್ಕ್ ಸೀರೆ ಇಸ್ತ್ರಿಗೆ ಹಾಕಿದೆ. ಚೌಕಾಬಾರವೇ ಇಡೋಣ ಅಂತಲೂ ಮನಸ್ಸಿನಲ್ಲೇ ತೀರ್ಮಾನ ಮಾಡಿದೆ. ಊಟಕ್ಕೆ ಕೂತಾಗ ಮಗಳು ಮುದ್ದೆ ಮುರಿಯುತ್ತಾ ಮಾಮೂಲಿ ಧ್ವನಿಯಲ್ಲೇ ಹೇಳಿದಳು.

"ಅಮ್ಮ, ನನ್ ಜೊತೆ ಎದುರುಮನೆ ಆಂಟಿ ಬರ್ತಾರೆ. ನೀನು ಚುರುಮುರಿ ಸ್ಟಾಲಲ್ಲಿ ಇರು, ಅಲ್ಲಿಗೆ ಅಮ್ಮಂದ್ರು ಬೇಕಂತೆ."

ಯಜಮಾನರು ನನ್ನ ಮುಖ ನೋಡಿ ಸಾರು ಬಡಿಸಿಕೊಳ್ಳುವುದನ್ನೇ ಮರೆತರು. ಇಸ್ತ್ರಿಯಾಗಿ ಬಂದ ಸೀರೆಯನ್ನು ಬೀರುವಿಗೆ ಸೇರಿಸಿ, ಮಾಮೂಲಿ ಚೂಡಿದಾರ್ ಹಾಕಿಕೊಂಡು ಈರುಳ್ಳಿ ಹೆಚ್ಚುವುದಕ್ಕೆ ಹೋದೆ. ಈರುಳ್ಳಿ ಹೆಚ್ಚುವುದರಲ್ಲಿ ಒಂದು ಅನುಕೂಲ ಇದೆ, ಕಣ್ಣಲ್ಲಿ ನೀರು ಯಾಕೆ ಅಂತ ಯಾರೂ ಕೇಳುವುದಿಲ್ಲ.

ನನ್ನ ಸ್ಟಾಲಿಗೆ ನೇರ ಎದುರಿಗೆ, ಹೊಂಗೆಮರದ ಕೆಳಗೆ ಅವರಿಬ್ಬರ ಜಮಖಾನ. ಪೂರ್ತಿ ಆಟ ಹಾಕಿದರೆ ಸಂಜೆಯಾಗುತ್ತದೆ ಅಂತ ಆಕೆಯೇ ಉಪಾಯ ಮಾಡಿದ್ದಳು: ಒಬ್ಬೊಬ್ಬರಿಗೆ ಎರಡೇ ಕಾಯಿ, ಯಾರ ಕಾಯಿ ಮೊದಲು ನಡುಮನೆ ಸೇರಿ ಹಣ್ಣಾಗುತ್ತದೋ ಅವರು ಗೆದ್ದ ಹಾಗೆ. ಒಬ್ಬರದಾದರೂ ಕಾಯಿ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ, ಇದು ಮಾತ್ರ ಕಡ್ಡಾಯ. ಆಕೆ ಯಾರಿಗೂ ದಯೆ ತೋರಿಸಲಿಲ್ಲ. ಹೆಡ್ ಮೇಡಂ ಸೋತರು. ಉದ್ಘಾಟನೆಗೆ ಬಂದ ಅತಿಥಿಗಳು ಸೋತು, ಛಲ ಬಂದು ಮತ್ತೆ ಟಿಕೆಟ್ ಕೊಂಡು, ಮತ್ತೆ ಸೋತರು. ಸೋತವರೇ ತಿರುಗಿ ಬರುತ್ತಿದ್ದುದರಿಂದ ಡಬ್ಬಿ ತುಂಬಿದ್ದು ಅಲ್ಲೇ. ಉಳಿದ ಕಡೆ ದೊಡ್ಡವರು ನಗುನಗುತ್ತಾ ಬಿಟ್ಟುಕೊಡುತ್ತಿದ್ದರು, ಒಂದು ಆಟಕ್ಕೇ ಜನ ಏಳುತ್ತಿದ್ದರು.

ಮರಕ್ಕೆ ಡೇರೆ ಮಕ್ಕಳ ಒಂದು ಫೋಟೋ ಅಂಟಿಸಿದ್ದರು. ಬಟ್ಟೆ ಸುತ್ತಿ ಮಾಡಿದ ಚೆಂಡನ್ನು ಒದೆಯುತ್ತಿರುವ ಮಕ್ಕಳು. ಆಕೆ ಗರ ಹಾಕುವುದನ್ನು ನಿಲ್ಲಿಸಿ ಅದನ್ನು ನೋಡಿದಳಂತೆ. ಇವರು ಆಡ್ತಾನೇ ಅವ್ರೆ, ಮತ್ತೆ ನಾವ್ ಕೊಡೋದೇನು ಅಂತ ಟೀಚರನ್ನು ಕೇಳಿದಳಂತೆ. ಹೆದರಿಕೆ ಇಲ್ಲದೆ ಆಡುವ ಜಾಗ ಅಂತ ಟೀಚರ್ ಹೇಳಿದ ಮೇಲೆ, ಹಂಗಾರೆ ಸರಿ ಅಂತ ಸೆರಗು ಸಿಕ್ಕಿಸಿಕೊಂಡು ಇನ್ನೊಬ್ಬರನ್ನು ಸೋಲಿಸಿದಳಂತೆ. ಚುರುಮುರಿ ತಿನ್ನಲು ಬಂದವರೆಲ್ಲ ನನಗೆ ಇದನ್ನೇ ಹೇಳಿದರು. ಆಕೆ ನಿಮ್ಮ ಅತ್ತೆಯಾ ಅಂತ ಒಬ್ಬರು ಕೇಳಿದರು. ನಾನು ಅವರ ಚುರುಮುರಿಗೆ ಖಾರ ಒಂದು ಚಮಚ ಜಾಸ್ತಿ ಹಾಕಿದೆ.

ಕೊನೆಗೆ ತಡೆಯಲಾರದೆ ಕೈ ಒರೆಸಿಕೊಂಡು, ಟಿಕೆಟ್ ಕೊಂಡು, ಹೋಗಿ ಅವರೆದುರು ಕೂತೆ. ಆಕೆಯನ್ನು ಸೋಲಿಸಬೇಕಿತ್ತು. ಮಗಳ ಕಣ್ಣೆದುರಿಗೇ ಸೋಲಿಸಬೇಕಿತ್ತು. ಆಕೆಯ ಕಾಯಿಗೆ ಎಷ್ಟು ಗುರಿಯಿಟ್ಟರೂ ನನಗೆ ಬೇಕಾದ ಗರ ಬೀಳಲಿಲ್ಲ. ಬಿದ್ದದ್ದು ಮೂರು. ಮೂರು ಮನೆ ಮುಂದೆ ಸರಿಯಾಗಿ ನನ್ನ ಮಗಳ ಕಾಯಿ ಇತ್ತು, ಒಂದು ಕೆಂಪು ಬಳೆಚೂರು. ಅದು ಇಡೀ ಸುತ್ತು ಮುಗಿಸಿ ಒಳಗೆ ಹೋಗಲು ನಿಂತಿತ್ತು. ನನ್ನ ಕೈ ತನ್ನಷ್ಟಕ್ಕೆ ಇನ್ನೊಂದು ಕಾಯಿಯನ್ನು ನಡೆಸಿತು.

ಮಗಳು ಆಟದ ಮನೆಯಿಂದ ಕಣ್ಣು ಎತ್ತಲಿಲ್ಲ. "ನೀನು ಯಾವಾಗ್ಲೂ ಬೇಕೂಂತ ಸೋಲ್ತೀಯಮ್ಮ," ಅಂದಳು. "ಆಂಟಿ ನಿಜವಾಗ್ಲೂ ಆಡ್ತಾರೆ."

ಜೋರಾಗಿಯೂ ಹೇಳಲಿಲ್ಲ, ಸಿಟ್ಟಿನಿಂದಲೂ ಹೇಳಲಿಲ್ಲ. ನನ್ನ ಮುಖ ಹೇಗಾಯಿತೋ ಕಾಣೆ, ಆಕೆ ಬೀಜವನ್ನು ಅಂಗೈಯಲ್ಲೇ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ಹೊಡೀಬೇಕು ಕಣಮ್ಮ," ಅಂದಳು. "ಹೊಡೀದೆ ಒಳಕ್ಕೆಂಗ್ ಬತ್ತೀಯ?"

ಆಟದ ನಿಯಮ ಹೇಳಿದಳು, ಅಷ್ಟೇ. ಆ ಆಟದಲ್ಲಿ ನನ್ನ ಎರಡು ಕಾಯಿಗಳೂ ಹೊರಸುತ್ತಿನಲ್ಲೇ ಸುತ್ತಿ ಸುತ್ತಿ ಉಳಿದವು. ಮಗಳ ಬಳೆಚೂರು ಒಳಗೆ ಹೋಗಿ ಹಣ್ಣಾಯಿತು. ಅವಳು ಕುಣಿಯಲಿಲ್ಲ. ಮುಂದಿನ ಟಿಕೆಟ್ಟಿನವರನ್ನು ಕರೆದಳು.

ಆ ಸಂಜೆ ಆಕೆ ನಮ್ಮ ಗೇಟಿನ ಹತ್ತಿರ ಬಂದು, ನಾಳೆಯಿಂದ ನೀನೂ ಬಾ, ಮೂರು ಜನ ಆದರೆ ಆಟಕ್ಕೆ ಕಳೆ ಅಂತ ಕರೆದಳು. ನನಗೆ ಕೆಲಸ ಇದೆ ಅಕ್ಕ ಅಂದೆ. ಆಮೇಲೂ ಎಷ್ಟೋ ಸಲ ಕರೆದಳು. ಪ್ರತಿಸಲವೂ ನನಗೆ ಕೆಲಸ ಇತ್ತು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ, ಆಕೆಗೆ ಮಾಡುವುದಕ್ಕೆ ಕೆಲಸ ಬದುಕಿಲ್ಲ ಅಂತ ಬೀದಿಯವರ ಹತ್ತಿರ ಹೇಳಿಕೊಂಡು ತಿರುಗಿದೆ. ಆದರೆ ಅಡುಗೆಮನೆ ಕಿಟಕಿಯಿಂದ ಜಗಲಿ ಕಾಣುತ್ತಿತ್ತು. ತರಕಾರಿ ಹೆಚ್ಚುತ್ತಾ, ಯಾರ ಕಾಯಿ ಎಲ್ಲಿದೆ ಅಂತ ನಾನು ಅಲ್ಲಿಂದಲೇ ಆಡುತ್ತಿದ್ದೆ. ಮಗಳನ್ನು ಕಿತ್ತುಕೊಂಡಳು ಅಂತ ಮಾತ್ರ ನನಗೆ ಉರಿಯುತ್ತಿರಲಿಲ್ಲ. ಆ ವಯಸ್ಸಿನಲ್ಲೂ ಆಕೆಗೆ ಆಡಲು ಯಾರಪ್ಪಣೆಯೂ ಬೇಕಿರಲಿಲ್ಲವಲ್ಲ, ಅದಕ್ಕೆ ಉರಿಯುತ್ತಿತ್ತು. ನನಗೂ ಆಡಬೇಕು ಅನ್ನಿಸುತ್ತಿತ್ತು...

ಆಕೆಯ ಗಂಡನಿಗೆ ರಿಟೈರ್ ಆದ ಮೇಲೆ ಅವರು ಗುಬ್ಬಿಗೆ ಹೊರಟುಹೋದರು. ಲಾರಿಗೆ ಸಾಮಾನು ಹಾಕುವಾಗ ಮಗಳು ಅಳುತ್ತಾ ನಿಂತಿದ್ದಳು. ನಾನು ಎಲ್ಲರಿಗೂ ಕಾಫಿ ಕೊಟ್ಟೆ. ಗುಬ್ಬಿ ಎಷ್ಟು ದೂರ, ಒಂದು ಭಾನುವಾರ ಹೋಗಿಬರೋಣ ಅಂತ ಮಗಳಿಗೆ ಹೇಳಿದ್ದೆ. ಆ ಭಾನುವಾರ ಬರಲೇ ಇಲ್ಲ. ಹೋದ ವರ್ಷ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ಆಕೆಯ ಫೋಟೋ ಬಂತು, ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು. ನಾನೂ ಒಂದು ಹಾಕಿದೆ. ಹಾಕಿ, ಅಡುಗೆಮನೆ ಕಿಟಕಿಯ ಹತ್ತಿರ ಹೋಗಿ ನಿಂತೆ. ಎದುರುಮನೆಗೆ ಈಗ ಬೇರೆಯವರು ಬಂದಿದ್ದಾರೆ, ಜಗಲಿಗೆ ಗ್ರಿಲ್ ಹಾಕಿಸಿ ಒಳಗೆ ಸ್ಕೂಟರ್ ನಿಲ್ಲಿಸುತ್ತಾರೆ. ಇಷ್ಟು ವರ್ಷ ಹೊಟ್ಟೆಕಿಚ್ಚು ಪಟ್ಟವಳಿಗೆ ಅವತ್ತು ಹೊಟ್ಟೆಯೇ ಖಾಲಿಯಾದ ಹಾಗಾಯಿತು.

ಹೋದ ವಾರ ನಾನು ತಾರಸಿಯಲ್ಲಿ ತೋಳು ಉಜ್ಜಿಕೊಳ್ಳುತ್ತಾ ಕೂತಿದ್ದಾಗ ಮಗಳು ಮೆಟ್ಟಿಲು ಹತ್ತಿ ಬಂದಳು. ಡಿಗ್ರಿ ಓದುವವಳು, ಹಾಸ್ಟೆಲ್ಲಿನಿಂದ ರಜಕ್ಕೆ ಬಂದಿದ್ದಾಳೆ. ನನ್ನ ತೋಳಿನ ಮೇಲಿನ ಕೆಂಪು ನೋಡಿದಳು, ಕೈಯಲ್ಲಿದ್ದ ಬೀಜ ನೋಡಿದಳು. ಇನ್ನೂ ಮೂರು ಬೀಜ ಆರಿಸಿಕೊಂಡು ತಾನೂ ಉಜ್ಜತೊಡಗಿದಳು. ಇಟ್ಟಿಗೆ ಚೂರಿನಲ್ಲಿ ಗೆರೆ ಎಳೆದಳು. ಒಂದು ಕಡೆ ನನಗೆ, ಒಂದು ಕಡೆ ತನಗೆ ಕಾಯಿ ಇಟ್ಟಳು. ಮೂರನೇ ಕಡೆಯೂ ಇಟ್ಟು, ಇದು ಆಂಟೀದು, ಅವರ ಗರ ನಾನೇ ಹಾಕ್ತೀನಿ ಅಂದಳು.

ನಾನು ಹುಣಸೆಹಣ್ಣು ಪಕ್ಕಕ್ಕೆ ತಳ್ಳಿ ಕೂತೆ. ಕುಕ್ಕರ್ ಇಡಬೇಕಿತ್ತು, ಇಡಲಿಲ್ಲ. ಈ ಸಲ ಮಗಳ ಕಾಯಿ ಸಿಕ್ಕಿದ ಕೂಡಲೇ ಹೊಡೆದೆ. ಅವಳು ಹಾ ಅಂತ ಬಾಯಿಬಿಟ್ಟು ನನ್ನನ್ನು ನೋಡಿದಳು, ಆಮೇಲೆ ಸಣ್ಣ ಮಗುವಿನ ಹಾಗೆ ಮೋಸ ಮೋಸ ಅಂತ ಕೂಗಿದಳು. ನನ್ನ ಕಾಯಿ ಒಳಸುತ್ತಿಗೆ ಹೋಯಿತು. ಹಣ್ಣಾಗಲು ಎರಡೇ ಮನೆ ಬಾಕಿ. ಆಗ ಮಗಳು ಆಕೆಯ ಹೆಸರಿನಲ್ಲಿ ಗರ ಹಾಕಿದಳು. ನಾಲ್ಕು ಬೀಜವೂ ಕವುಚಿ ಬಿದ್ದವು, ಬಾರ. ಅಲ್ಲಿ ಇಲ್ಲದವಳ ಕಾಯಿ ಎಂಟು ಮನೆ ನಡೆದು ಬಂದು ನನ್ನ ಕಾಯಿಯನ್ನು ಹೊಡೆದು ಹಾಕಿತು.

ಗರ ಸರಿಯಾಗಿ ಬಿದ್ದಿಲ್ಲ, ಇನ್ನೊಂದು ಸಲ ಹಾಕು ಅಂತ ನಾನು ಜಗಳ ತೆಗೆದೆ. ಮಗಳು ಒಪ್ಪಲಿಲ್ಲ. ಕತ್ತಲಾಗುವವರೆಗೂ ಆಡಿದೆವು. ಆಕೆಯೇ ಗೆದ್ದಳು. ನಾನು ಸೋತೆ, ಬೇಕೂಂತ ಸೋತಿದ್ದಲ್ಲ.