ಗೋಡೆಗೆ ಮುಖ ಮಾಡಿದ ಕುರ್ಚಿ

1979ರಲ್ಲಿ ನಾನು ಬಸವನಗುಡಿಯ ಒಂದು ಖಾಸಗಿ ಕ್ಲಿನಿಕ್‌ನಲ್ಲಿ ಆಡಿಯಾಲಜಿಸ್ಟ್ ಆಗಿದ್ದೆ. ಆಡಿಯೋಮೀಟರ್ ಎಂಬ ಯಂತ್ರದಿಂದ ಜನರ ಶ್ರವಣಶಕ್ತಿ ಅಳೆಯುವುದು ನನ್ನ ಕೆಲಸ. ಹೆಡ್‌ಫೋನ್ ಹಾಕಿಕೊಂಡವರು ಸದ್ದು ಕೇಳಿಸಿದಾಗಲೆಲ್ಲ ಬೆರಳೆತ್ತಬೇಕು. ಕೇಳಿಸಿದ ಅತಿ ಸಣ್ಣ ಸದ್ದು ಎಷ್ಟು ಡೆಸಿಬೆಲ್ ಎಂದು ನಾನು ಗುರುತಿಸಬೇಕು. ಮಕ್ಕಳು ಹೆದರದಿರಲೆಂದು ಅವರನ್ನು ನನ್ನ ಎದುರಿಗೇ ಕೂರಿಸುತ್ತಿದ್ದೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಎನ್.ಆರ್. ಕಾಲೋನಿಯ ಸರೋಜಮ್ಮ ಆರು ವರ್ಷದ ಮಗಳು ಲಲಿತಳನ್ನು ಕರೆತಂದರು. ಶಾಲೆಯಲ್ಲಿ ಹೇಳಿದ ಮಾತನ್ನು ಮಗು ಕೇಳುವುದಿಲ್ಲ, ಕರೆದರೆ ತಿರುಗುವುದಿಲ್ಲ. ಕಿವಿ ಸರಿಯಿದ್ದರೆ ಇದು ಹಠವೇ, ಅಂಥ ಮಗುವನ್ನು ಇಟ್ಟುಕೊಳ್ಳುವುದಿಲ್ಲ ಎಂದು ಹೆಡ್‌ಮಿಸ್ಟ್ರೆಸ್ ಹೇಳಿದ್ದರು. ಮರುದಿನವೇ ರಿಪೋರ್ಟ್ ತೋರಿಸಬೇಕಿತ್ತು.

"ಎದುರಿಗೆ ನಿಂತು ಹೇಳಿದ್ರೆ ಎಲ್ಲಾ ಗೊತ್ತಾಗತ್ತೆ ಮೇಡಂ. ಹಿಂದಿನಿಂದ ಕರೆದ್ರೆ ಮಹಾರಾಣಿ, ತಿರುಗೋದೇ ಇಲ್ಲ!" ಎಂದರು ಸರೋಜಮ್ಮ.

ಲಲಿತಳ ಮಾತು ಕೊಂಚ ತೊದಲಾಗಿತ್ತು. ವಯಸ್ಸಿಗೆ ಸಹಜವೆಂದುಕೊಂಡೆ. ನನ್ನನ್ನೇ ನೋಡುತ್ತ, ನಾನು ಗುಂಡಿ ಒತ್ತಿದಾಗಲೆಲ್ಲ ಅವಳು ಬೆರಳೆತ್ತಿದಳು. ಎರಡೂ ಕಿವಿಗೆ ಇಪ್ಪತ್ತು ಡೆಸಿಬೆಲ್. ದೋಷವಿಲ್ಲವೆಂದು ಬರೆದು ಸಹಿ ಹಾಕಿಕೊಟ್ಟೆ. ಸರೋಜಮ್ಮ ಮಗಳ ರಟ್ಟೆ ಹಿಡಿದು, "ನಡಿ, ಮನೇಲಿದೆ ನಿಂಗೆ" ಎಂದು ಹೊರಟರು.

ಹೆಡ್‌ಫೋನಿನ ವೈರು ಸುತ್ತಿಡುವಾಗ ಎಡಗಿವಿಯ ಪ್ಲಗ್ ಯಂತ್ರದ ಹಿಂದೆ ನೇತಾಡುವುದು ಕಂಡಿತು. ಬೆಳಿಗ್ಗೆ ಧೂಳೊರೆಸಲು ನಾನೇ ತೆಗೆದಿದ್ದೆ. ಮತ್ತೆ ಹಾಕಲು ಮರೆತಿದ್ದೆ. ಆ ಕಿವಿಗೆ ಒಂದು ಸದ್ದೂ ಹೋಗಿರಲಿಲ್ಲ. ಬಸ್ ಸ್ಟಾಪಿಗೆ ಓಡಿದೆ.

"ವಾಪಸ್ ಬನ್ನಿ, ಇನ್ನೊಂದ್ಸಲ ನೋಡ್ಬೇಕು. ತಪ್ಪು ನಂದು."

"ಬೆರಳೆತ್ತಿದ್ಳಲ್ಲ ಮೇಡಂ?"

"ಅದಕ್ಕೇ ಕರೀತಿರೋದು."

ಪ್ಲಗ್ ಹಾಕಿ, ನನ್ನ ಕೈ ಕಾಣದಿರಲೆಂದು ಲಲಿತಳ ಕುರ್ಚಿಯನ್ನು ಗೋಡೆಯತ್ತ ತಿರುಗಿಸಿದೆ. ಇಪ್ಪತ್ತು, ಮೂವತ್ತು, ನಲವತ್ತು. ಬೆರಳು ಏಳಲಿಲ್ಲ. ಅವಳು ಕತ್ತು ಹೊರಳಿಸಿ ನನ್ನ ಮುಖ ಹುಡುಕಿದಳು. ಆಗ ಅರ್ಥವಾಯಿತು: ಗುಂಡಿ ಒತ್ತುವಾಗ ನನ್ನ ಹುಬ್ಬು ಮೇಲೇರುತ್ತಿತ್ತು. ಕೇಳಿಸಲಿ ಎಂಬ ನನ್ನ ಆಸೆಯನ್ನು ನೋಡಿಯೇ ಅವಳು ಬೆರಳೆತ್ತುತ್ತಿದ್ದಳು. ಮತ್ತೆ ಗೋಡೆಯತ್ತ ಕೂರಿಸಿ ಸದ್ದು ಹೆಚ್ಚಿಸುತ್ತ ಹೋದೆ. ಬಲಗಿವಿಗೆ ಐವತ್ತೈದು, ಎಡಗಿವಿಗೆ ಅರವತ್ತು.

"ಹಾಗಾದ್ರೆ ಅವ್ಳು ಹಠ ಮಾಡ್ತಿರ್ಲಿಲ್ವಾ?" ಸರೋಜಮ್ಮ ಮೆಲ್ಲನೆ ಕೇಳಿದರು.

"ಇಲ್ಲಮ್ಮ. ನಮ್ಮ ಮುಖ ನೋಡ್ಕೊಂಡು ನಡೀತಿದ್ಳು."

ಅವರು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡರು. ನಾನು ಹಳೆಯ ರಿಪೋರ್ಟ್ ಹರಿದು ಹೊಸದು ಬರೆದೆ.

ಶಾಲೆಯವರು ಅವಳನ್ನು ಮೊದಲ ಬೆಂಚಿಗೆ ಕೂರಿಸಿದರು. ದಸರೆಯ ಹೊತ್ತಿಗೆ ಹಿಯರಿಂಗ್ ಏಡ್ ಬಂತು. ಫ್ರಾಕಿಗೆ ಹೊಲಿದ ಜೇಬಿನಲ್ಲಿ ಅದರ ಪೆಟ್ಟಿಗೆ, ಅಲ್ಲಿಂದ ಕಿವಿಗೆ ವೈರು. ಪರೀಕ್ಷಿಸಲೆಂದು ಬೆನ್ನ ಹಿಂದಿನಿಂದ ಜೋರಾಗಿ ಹೆಸರು ಕರೆದೆ. ಲಲಿತ ತಿರುಗಿ, "ಕೂಗ್ಬೇಡಿ ಮಿಸ್, ಕೇಳತ್ತೆ!" ಎಂದಳು.

ನಿವೃತ್ತಿಯವರೆಗೂ ಯಾವ ಮಗುವನ್ನೂ ಎದುರಿಗೆ ಕೂರಿಸಿ ಈ ಪರೀಕ್ಷೆ ಮಾಡಲಿಲ್ಲ. ಇನ್ನೊಬ್ಬರ ಉತ್ತರ ಬರೆದುಕೊಳ್ಳುವ ಮೊದಲು, ಅದನ್ನು ನನ್ನ ಮುಖವೇ ಹೇಳಿಕೊಟ್ಟಿಲ್ಲ ತಾನೇ ಎಂದು ನೋಡಿಕೊಳ್ಳುವುದನ್ನು ಕಲಿತೆ. ಹೆದರಿದ ಮಗುವಿಗೆ ನಗುಮುಖ ಬೇಕು, ನಿಜ. ಹೆಡ್‌ಫೋನ್ ತೆಗೆದ ಮೇಲೆ ತೋರಿಸಿದರಾಯಿತು.